ಬೇಡವೆಂದ ಅಲೆ

ಗುರುಗಳ ಅಂಗಡಿಯಲ್ಲಿ ಸಾಣೆ ಹಿಡಿಯಲು ತಾನೇ ಕಲಿಸಿದ್ದ ಕಿರಿಯ ಸೆಕಿಜುಕಾನಿಗೆ ಪೇಟೆಂಟ್ ಸಿಕ್ಕಾಗಿನಿಂದ ಸಾಂಜೊ ಊರಿನ ಕುಮಾಕುರಾನಿಗೆ ಊಟ ರುಚಿಸುತ್ತಿರಲಿಲ್ಲ. ಉಕ್ಕು ಕತ್ತರಿಸುವ ಕಟರಿನ ನಾಲ್ಕೂ ಹಲ್ಲುಗಳಿಗೆ ಅಲೆಯಂಥ ಅಂಚು ಕೊಟ್ಟಿದ್ದಾನಂತೆ, ಅದಕ್ಕೇ ಅದು ಅದುರುವುದಿಲ್ಲವಂತೆ. ಇದೂ ಒಂದು ಬುದ್ಧಿಯೇ? ಪೇಟೆಂಟ್ ರದ್ದು ಮಾಡಿ ಎಂದು ಕುಮಾಕುರಾ ಟೋಕಿಯೋದ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿದ.

ವಿಚಾರಣೆಯ ದಿನ, ಇಪ್ಪತ್ತು ವರ್ಷದ ಹಿಂದೆ ತಾನು ಮಾಡಿದ್ದ ಕಟರೊಂದನ್ನು ಅಧಿಕಾರಿಯ ಮೇಜಿನ ಮೇಲಿಟ್ಟ. ಅದರ ಒಂದು ಹಲ್ಲಿನಲ್ಲಿ ಅಲೆಯಿತ್ತು.

"ನಮ್ಮ ಗುರುಗಳ ಅಂಗಡಿ ಗೋಡೆ ಮೇಲೆ ಊರೆಲ್ಲ ನೋಡಿದ್ದು ಇದು. ಒಂದು ಹಲ್ಲಿಗಿರೋದನ್ನ ನಾಲ್ಕಕ್ಕೂ ಹಾಕೋಕೆ ಎಂಥಾ ತಲೆ ಬೇಕು ಮೇಡಂ?"

ಕೆಟ್ಟ ಕೆಲಸಕ್ಕೆ ಮಾಡಿದವನ ಕೈಯಲ್ಲೇ ಚೀಟಿ ಬರೆಸಿ ಗೋಡೆಗೆ ತೂಗುಹಾಕುವುದು ಆ ಗುರುಗಳ ರೂಢಿ. ಗೋಡೆಯ ಮೇಲಿದ್ದುದಕ್ಕೆ ಸಾಕ್ಷಿಯೆಂದು ಅವನು ಕಟರಿಗೇ ಬಿಟ್ಟಿದ್ದ ಚೀಟಿಯನ್ನು ಅಧಿಕಾರಿ ಗಟ್ಟಿಯಾಗಿ ಓದಿದಳು: "ಕೈತಪ್ಪಿ ಅಲೆಯಾಯಿತು. ಯಾರೂ ಹೀಗೆ ಮಾಡಬಾರದು." ಆಮೇಲೆ ಕೇಳಿದಳು: "ಅಕ್ಷರ ನಿಮ್ಮದೇ ಅಲ್ವಾ? ಇದನ್ನ ಓದಿದೋರು ನಾಲ್ಕಕ್ಕೂ ಹಾಕೋಣ ಅಂದ್ಕೋತಾರಾ?"

ಅರ್ಜಿ ಬಿದ್ದುಹೋಯಿತು.

ಹೊರಗೆ ಸೆಕಿಜುಕಾ ತಲೆಬಾಗಿ ನಿಂತಿದ್ದ. "ಆ ಚೀಟೀನ ನಾನು ದಿನಾ ಓದ್ತಿದ್ದೆ ಅಣ್ಣ. ಗುರುಗಳು ಬರೀ ನಿಮ್ಮನ್ನೇ ಹೊಗಳೋರು. ಆ ಹೊಟ್ಟೆಕಿಚ್ಚಿಗೇ, ನೀವು ಮಾಡಬಾರದು ಅಂದಿದ್ದನ್ನ ಮಾಡಿ ನೋಡ್ದೆ."