ಕರವಸ್ತ್ರದ ಮೊಟ್ಟೆಗಳು

ಅಮ್ಮನ ಮನೆಯ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ನಿಂಗ್ ಎರಡನೇ ಸಲ ಎಣಿಸಿದಳು. ಇಪ್ಪತ್ಮೂರು. ಹೋದ ವಾರ ತಾನೇ ಅಂಗಡಿಯಿಂದ ಕಳಿಸಿಕೊಟ್ಟ ಮೂವತ್ತು ಮೊಟ್ಟೆಗಳಲ್ಲಿ ಅಮ್ಮ ರಾತ್ರಿಗೊಂದು ಬೇಯಿಸಿಕೊಂಡಿದ್ದರೆ ಏಳು ಖರ್ಚಾಗಬೇಕು. ಏಳೇ ಆಗಿವೆ. ಹಾಗಾದರೆ ದಿನಾ ಬೆಳಿಗ್ಗೆ ಬಂದು ಇಲ್ಲಿ ತಿಂಡಿಗೆ ಕೂರುವ ಆ ಮುದುಕ ತಿನ್ನುವುದಾದರೂ ಏನನ್ನು? ಲೆಕ್ಕ ತಪ್ಪಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಪ್ಪ ಸತ್ತು ಆರು ವರ್ಷ. ಅಮ್ಮ ಸೂಚಿನ್ ಅರವತ್ತೇಳರ ವಯಸ್ಸಿನಲ್ಲಿ, ತನ್ನ ಜೊತೆ ನೂಲಿನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಗೆಂಗ್ ಎಂಬವರನ್ನು ಮದುವೆಯಾಗುತ್ತೇನೆ ಎಂದಿದ್ದಳು. ಕುಟುಂಬದ ನೋಂದಣಿ ಪುಸ್ತಕ ತೋರಿಸದೆ ಕಚೇರಿಯಲ್ಲಿ ಮದುವೆ ಆಗುವುದಿಲ್ಲ. ಆ ಪುಸ್ತಕವನ್ನು ನಿಂಗ್ ಹೊಸ ವರ್ಷಕ್ಕೆ ಬಂದಾಗಲೇ ಜೋಪಾನದ ನೆಪದಲ್ಲಿ ತಾನಿರುವ ಬೀಜಿಂಗಿಗೆ ಒಯ್ದಿದ್ದಳು. ತಿಯಾನ್‌ಜಿನ್ನಿನಲ್ಲಿ ಎರಡು ಕೋಣೆಯ ಸ್ವಂತ ಮನೆಯಿರುವ ವಿಧವೆಯ ಮೇಲೆ ಯಾರಿಗೆ ತಾನೇ ಪ್ರೀತಿ ಹುಟ್ಟುವುದಿಲ್ಲ? ಅಮ್ಮ ಫೋನಿನಲ್ಲಿ ಮೂರು ಸಲ ಪುಸ್ತಕ ಕೇಳಿದಳು. ಆಮೇಲೆ ಮೂರು ತಿಂಗಳಿಂದ ಅದರ ಸೊಲ್ಲೇ ಇಲ್ಲ. ಒಳಗೊಳಗೇ ಏನೋ ನಡೆಯುತ್ತಿದೆ ಎಂದು ನಿಂಗ್‌ಗೆ ನಿದ್ದೆ ಹತ್ತಲಿಲ್ಲ. ಮನುಷ್ಯನನ್ನು ಕಣ್ಣಾರೆ ನೋಡಿ ಪುಸ್ತಕ ಕೊಡುವುದೋ ಬಿಡುವುದೋ ತೀರ್ಮಾನಿಸೋಣವೆಂದು, ಅದನ್ನು ಚೀಲದಲ್ಲಿಟ್ಟುಕೊಂಡು ಹೇಳದೆ ಕೇಳದೆ ಮೊದಲ ರೈಲಿಗೆ ಬಂದಿಳಿದಿದ್ದಳು.

ಬಾಗಿಲು ಬಡಿದ ಸದ್ದಾಯಿತು. ಅಮ್ಮ ತೆರೆಯಲು ಹೋದಳು. ಅವನಿಗೆ ಕೀಲಿಕೈ ಕೊಟ್ಟಿಲ್ಲವೋ, ಹೊರಗೆ ನನ್ನ ಬೂಟು ನೋಡಿ ನಾಟಕವೋ ಎಂದುಕೊಂಡಳು ನಿಂಗ್.

"ಓ, ಮಗಳು ಬಂದಿದಾಳೆ," ಎಂದರು ಗೆಂಗ್. ಒಳಗೆ ಬಂದವರೇ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ಮೆಲ್ಲಗೆ ಹೊರತೆಗೆದು ಬಿಚ್ಚಿದರು. ಒಳಗೆ ಎರಡು ಮೊಟ್ಟೆ.

ಬೀದಿಯ ಗಾಡಿಗೆ ಮನೆಯಿಂದಲೇ ಮೊಟ್ಟೆ ಒಯ್ದು ದೋಸೆ ಹಾಕಿಸಿಕೊಳ್ಳುವುದು ಈ ಊರಿನವರಿಗೆ ರೂಢಿ. ಆದರೆ ಮದುವೆಯಾಗಬೇಕೆಂದಿರುವ ಹೆಂಗಸಿನ ಮನೆಗೆ?

"ಮನೇಲೇ ಇದಾವಲ್ಲ ಮಾಮ, ಮೊಟ್ಟೆ."

"ಇರ್ಲಿ ಬಿಡಮ್ಮ. ಅವು ನಿಮ್ಮಮ್ಮಂದು."

ಭಲೇ ಹುಷಾರಿ, ನಾಳೆ ನಿಮ್ಮ ಮನೆಯ ಒಂದು ಕಾಳೂ ಮುಟ್ಟಿಲ್ಲ ಅನ್ನುವುದಕ್ಕೆ ಈಗಿನಿಂದಲೇ ಸಾಕ್ಷಿ ಕೂಡಿಸುತ್ತಿದ್ದಾನೆ ಎಂದುಕೊಂಡು ನಿಂಗ್ ಅಡುಗೆಮನೆಯ ಬಾಗಿಲಿಗೇ ಕುರ್ಚಿ ಎಳೆದು ಕೂತಳು.

ಗೆಂಗ್ ಹೆಸರುಕಾಳಿನ ಹಿಟ್ಟನ್ನು ತವಾಕ್ಕೆ ಸುರಿದು ಮರದ ಕಡ್ಡಿಯಿಂದ ತೆಳ್ಳಗೆ ತಿರುಗಿಸಿದರು. ಅಂಚು ಏಳುತ್ತಿದ್ದಂತೆ ಮೊಟ್ಟೆ ಒಡೆದು ಹರಡಿ, ಈರುಳ್ಳಿ ಸೊಪ್ಪು, ಕರಿ ಎಳ್ಳು ಉದುರಿಸಿದರು.

"ಉರಿ ಸಣ್ಣ ಮಾಡ್ರೀ, ಗಿರಣಿ ಬಾಯ್ಲರ್ ಅಂದ್ಕೊಂಡ್ರಾ ಇದನ್ನ," ಎಂದಳು ಸೂಚಿನ್.

"ನಲವತ್ತು ವರ್ಷ ಯಂತ್ರ ಬಿಚ್ಚಿದವನಿಗೆ ತವಾ ಕಲಿಸ್ತಾಳೆ ನೋಡಮ್ಮ ನಿಮ್ಮಮ್ಮ."

ಮಗುಚಿ, ಸಿಹಿ ಗೊಜ್ಜು ಸವರಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಕಡ್ಡಿಯನ್ನು ಒಳಗಿಟ್ಟು ಮಡಿಸಿದ ಮೊದಲನೆಯದು ನಿಂಗ್‌ಗೆ ಬಂತು. ಎರಡನೆಯದು ಸೂಚಿನ್‌ಗೆ. ಮೂರನೆಯದಕ್ಕೆ ಬರೀ ಹಿಟ್ಟು.

"ನಿಮಗೆ ಮೊಟ್ಟೆ?" ಎಂದಳು ನಿಂಗ್.

"ನಂಗೆ ಬರೀದೇ ಸೇರುತ್ತೆ. ತಡೀರಿ, ಕೆಳಗೆ ಹೋಗಿ ಸೋಯಾ ಹಾಲು ತರ್ತೀನಿ. ಇವತ್ತು ಮೂರು ಲೋಟ ಬೇಕಲ್ಲ."

ಅವರ ಹೆಜ್ಜೆ ಮೆಟ್ಟಿಲಿಳಿಯುವವರೆಗೆ ನಿಂಗ್ ಕಾದಳು. "ಏನಮ್ಮ ಇವರ ವೇಷ? ನಿನ್ನ ಮನೇಲಿ ನಿನ್ನ ಮೊಟ್ಟೆ ತಿಂದ್ರೆ ಮೈಲಿಗೇನಾ?"

ಸೂಚಿನ್ ಗೊಜ್ಜಿನ ಬಟ್ಟಲಿನ ಅಂಚು ಒರೆಸುತ್ತ ಹೇಳಿದಳು. "ಏಪ್ರಿಲ್‌ನಲ್ಲಿ ಫೋನ್ ಮಾಡಿದ್ಯಲ್ಲ, ಆ ಮುದುಕ ನಮ್ಮನೇದು ಎಷ್ಟು ತಿಂದು ಹಾಕ್ತಿದಾನೆ ಅಂತ. ಕೈ ಹಿಟ್ಟಾಗಿತ್ತು, ಸ್ಪೀಕರ್‌ಗೆ ಹಾಕಿದ್ದೆ. ಅವ್ರು ನೀನೀಗ ಕೂತಿರೋ ಜಾಗದಲ್ಲೇ ಸೊಪ್ಪು ಹೆಚ್ತಾ ಇದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಅವ್ರು ಹೆಚ್ಚೋದು ನಿಲ್ಲಿಸ್ಲಿಲ್ಲ. ಮಾರನೇ ದಿನದಿಂದ ಮೊಟ್ಟೆ ತರೋಕೆ ಶುರು ಮಾಡಿದ್ರು."

ನಿಂಗ್ ತಟ್ಟೆ ಬದಿಗಿಟ್ಟು ಚೀಲಕ್ಕೆ ಕೈ ಹಾಕಿದಳು. ಗೆಂಗ್ ಏದುಸಿರು ಬಿಡುತ್ತ ಮೂರು ಲೋಟಗಳೊಂದಿಗೆ ಮರಳಿದಾಗ ಅವಳು ಕೆಂಪು ರಟ್ಟಿನ ನೋಂದಣಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಅವರ ಕಡೆಗೆ ಸರಿಸಿದಳು.

"ತಪ್ಪಾಯ್ತು ಮಾಮ. ತಗೊಳ್ಳಿ."

ಅವರು ಕೈ ಒರೆಸಿಕೊಂಡು, ಪುಸ್ತಕಕ್ಕೆ ಎಣ್ಣೆ ತಾಗದಂತೆ ಎರಡೇ ಬೆರಳಿನಲ್ಲಿ ಅದನ್ನು ಹಿಂದಕ್ಕೆ ತಳ್ಳಿದರು.

"ನಿನ್ನ ಹತ್ರಾನೇ ಇರ್ಲಿ ಮಗಾ. ನಾನು ಆ ಮದುವೆ ಮಾತು ಬಿಟ್ಟು ಮೂರು ತಿಂಗಳಾಯ್ತು. ತಿಂಡಿಗೆ ಬರ್ತೀನಿ, ಒಂಬತ್ತಕ್ಕೆ ಹೋಗ್ತೀನಿ. ಅಷ್ಟು ಸಾಕು."

"ಅಮ್ಮ, ನಿನಗೂ ಬೇಡ್ವಾ?"

"ನನ್ನ ಯಾರು ಕೇಳಿದ್ರು," ಎಂದಳು ಸೂಚಿನ್. ಅದರಲ್ಲಿ ಸಿಟ್ಟಿರಲಿಲ್ಲ.

ಅವಳು ತನ್ನ ದೋಸೆಯನ್ನು ಮಧ್ಯಕ್ಕೆ ಮುರಿದು, ದೊಡ್ಡ ಚೂರನ್ನು ಗೆಂಗ್ ಅವರ ತಟ್ಟೆಗೆ ಹಾಕಿದಳು. ಅವರು ಅದನ್ನು ಎತ್ತಿಕೊಂಡರು. ಬಾಯಿಗಿಡುವ ಮೊದಲು ಒಮ್ಮೆ ನಿಂಗ್‌ಳ ಮುಖ ನೋಡಿದರು.