ಹದಿನಾಲ್ಕನೆಯ ಪ್ರಶ್ನೆ

ವಿಮೆಯ ಅರ್ಜಿಯಲ್ಲಿ ಹದಿನಾಲ್ಕನೆಯ ಪ್ರಶ್ನೆಗೆ ಬಂದಾಗ ಸಿಬೊನೇಲೊನ ಪೆನ್ನು ನಿಂತುಬಿಟ್ಟಿತು. ಅಲ್ಲಿಯವರೆಗೆ ಸರಸರನೆ ಸಾಗಿತ್ತು. ಹೆಂಡತಿಯ ಹೆಸರು, ತಿಯಾಮಿಕೆ. ಹುಟ್ಟಿದ ದೇಶ, ಮಲಾವಿ. ಗಂಡನೊಂದಿಗೆ ವಾಸ, ಏಳು ವರ್ಷದಿಂದ. ಸಕ್ಕರೆ ಕಾಯಿಲೆ ಇಲ್ಲ, ಕ್ಷಯ ಇಲ್ಲ, ಮೂರ್ಛೆರೋಗ ಇಲ್ಲ. ಪ್ರತಿ 'ಇಲ್ಲ'ಕ್ಕೂ ಅವನು ಚೌಕದಲ್ಲಿ ಗೀಟು ಹಾಕಿ, ಅದನ್ನು ಇನ್ನೊಮ್ಮೆ ತಿದ್ದಿ ದಪ್ಪ ಮಾಡುತ್ತಿದ್ದ. ಟ್ರಕ್ ಕಂಪನಿಯ ಮೆಕ್ಯಾನಿಕ್ ಅವನು. ಬೋಲ್ಟನ್ನು ಒಂದು ಸುತ್ತು ಹೆಚ್ಚಿಗೆ ಬಿಗಿಯುವುದು ಅವನ ಕೈಗೆ ರೂಢಿಯಾಗಿತ್ತು.

"ಹೃದಯದ ಕಾಯಿಲೆ, ಈಗ ಅಥವಾ ಹಿಂದೆ," ಎಂದು ಗಟ್ಟಿಯಾಗಿ ಓದಿದ.

ತಿಯಾಮಿಕೆ ಒಲೆಯ ಕಡೆ ತಿರುಗಿ ಮೆಕ್ಕೆಜೋಳದ ಮುದ್ದೆ ತೊಳಸುತ್ತಿದ್ದಳು. ಎರಡು ಸುತ್ತು ತಿರುವಿ, ಕೋಲನ್ನು ಹಿಡಿದುಕೊಂಡೇ ನಿಂತು ಉಸಿರು ತೆಗೆದುಕೊಂಡಳು.

"ಕೇಳಿಸ್ತು," ಎಂದಳು.

"ಹೌದು ಅಂತ ಬರೆದ್ರೆ ಎದೆಗೆ ಸಂಬಂಧಪಟ್ಟಿದ್ದಕ್ಕೆಲ್ಲ ಒಂದು ವರ್ಷ ಕೈ ಎತ್ತಿಬಿಡ್ತಾರೆ. ಇಲ್ಲ ಅಂತ ಬರೆದ್ರೆ ಮೂರು ತಿಂಗಳು ಕಾದ್ರೆ ಸಾಕು."

"ಇನ್ನೊಂದು ವರ್ಷ ನಾನಿರ್ತೀನಾ ಅಂತ ಆ ಕಾಗದದಲ್ಲಿ ಕೇಳಿದಾರಾ?"

"ಬೆಳಬೆಳಿಗ್ಗೆ ಅಂಥ ಮಾತಾಡಬೇಡ, ಮಾಫಿರಿ."

ಸಿಟ್ಟು ಬಂದಾಗ, ಇಲ್ಲವೇ ಹೆದರಿದಾಗ, ಅವನು ಅವಳನ್ನು ಹೀಗೆ ತವರುಮನೆತನದ ಹೆಸರು ಹಿಡಿದು ಕರೆಯುತ್ತಿದ್ದ. ಈಗ ಎರಡೂ ಇತ್ತು.

ಎದೆಯ ತೊಂದರೆ ತಿಯಾಮಿಕೆಗೆ ಹೊಸದಲ್ಲ. ಒಂಬತ್ತು ವರ್ಷದವಳಿದ್ದಾಗ ಜ್ವರ ಬಂದು ಕೀಲುಗಳೆಲ್ಲ ಊದಿಕೊಂಡಿದ್ದವು. ಜ್ವರ ಹೋಯಿತು, ಹೋಗುವಾಗ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಯಿತು. ಇಷ್ಟು ವರ್ಷ ಅದು ತೆಪ್ಪಗಿತ್ತು. ಗಂಡನ ಊರಾದ ಪೀಟರ್‌ಮಾರಿಟ್ಸ್‌ಬರ್ಗಿನ ಟ್ಯಾಕ್ಸಿ ನಿಲ್ದಾಣದ ಪಕ್ಕದಲ್ಲಿ ತಾಡಪಾಲು ಕಟ್ಟಿಕೊಂಡು ದಿನಕ್ಕೆ ಮೂರು ಜನರ ತಲೆಗೂದಲು ಹೆಣೆಯುತ್ತಿದ್ದಳು. ಈಗ ಒಂದು ತಲೆ ಮುಗಿಸುವಷ್ಟರಲ್ಲಿ ನಾಲ್ಕು ಸಲ ಕೂರಬೇಕು. ಗಿರಾಕಿಗಳು ಕನ್ನಡಿಯಲ್ಲಿ ಅವಳ ಮುಖ ನೋಡಿ, ಏನೂ ಕೇಳದೆ, ಮುಂದಿನ ಸಲ ಬೇರೆ ಕಡೆ ಹೋಗತೊಡಗಿದ್ದರು. ಏಪ್ರಿಲ್‌ನಲ್ಲಿ ಸರ್ಕಾರಿ ಕ್ಲಿನಿಕ್ಕಿನ ನರ್ಸಮ್ಮ ಎದೆಯ ಒಂದೇ ಜಾಗದಲ್ಲಿ ಎರಡು ಸಲ ಕೊಳವೆ ಇಟ್ಟು ಕೇಳಿಸಿಕೊಂಡು, "ಆಪರೇಷನ್ ಆಗ್ಬೇಕಮ್ಮ, ವರ್ಷದೊಳಗೆ. ಅಲ್ಲೀ ತನಕ ತಿಂಗಳಿಗೊಂದು ಸೂಜಿ ತಪ್ಪಿಸ್ಬೇಡ. ಕಾಲು ಊದೋಕೆ ಶುರುವಾದ್ರೆ ಎದೆ ಸೋಲ್ತಿದೆ ಅಂತ ತಿಳ್ಕೋ," ಎಂದಿದ್ದಳು.

ಒಂದು ಸೂಜಿಯಾಯಿತು. ಎರಡನೆಯದಕ್ಕೆ ಹೋದಾಗ ಗೇಟಿನ ಮುಂದೆ ಗಂಡಸರು ನಿಂತಿದ್ದರು. ಅವರನ್ನು ಯಾರೂ ಕಳಿಸಿರಲಿಲ್ಲ, ಮೈಮೇಲೆ ಯಾವ ಸಮವಸ್ತ್ರವೂ ಇರಲಿಲ್ಲ. ಒಳಗೆ ಹೋಗುವವರ ಗುರುತಿನ ಚೀಟಿ ಕೇಳುತ್ತಿದ್ದರು. ಈ ದೇಶದ ಚೀಟಿ ಇದ್ದವರು ಒಳಕ್ಕೆ, ಇಲ್ಲದವರು ಮನೆಗೆ. ಅವರಲ್ಲಿ ಸಂದೀಲೆಯೂ ಒಬ್ಬ. ಸಿಬೊನೇಲೊನ ಜೊತೆ ಒಂದೇ ಬೆಂಚಿನ ಮೇಲೆ ಕೂತು ಓದಿದವನು, ಅವರ ಮದುವೆಯ ದಿನ ಹಸು ಕಡಿದು ಎಲ್ಲರಿಗೂ ಹಂಚಿದವನು.

"ಅತ್ತಿಗೆ, ನಿಮ್ಮ ಮೇಲೆ ನಂದೇನೂ ಇಲ್ಲ," ಎಂದಿದ್ದ ಅವನು. "ನಿಮ್ಮ ಕೈಯಡುಗೆ ಉಂಡೋನು ನಾನು. ಆದ್ರೆ ನಿಮ್ಮನ್ನ ಬಿಟ್ರೆ ನನ್ನ ಹಿಂದೆ ನಿಂತಿರೋರಿಗೆ ಏನು ಹೇಳ್ಲಿ?"

ತೋಳು ಹಿಡಿದು, ವಾಹನಗಳನ್ನು ಕೈಯಡ್ಡ ಮಾಡಿ ನಿಲ್ಲಿಸಿ, ಅವಳನ್ನು ರಸ್ತೆಯ ಆ ಬದಿಗೆ ದಾಟಿಸಿ ಬಿಟ್ಟಿದ್ದ. ಹೋಗುವ ಮುನ್ನ ದನಿ ತಗ್ಗಿಸಿ, "ಸಿಬೊಗೆ ಹೇಳಿ, ಬಾಗಿಲು ಭದ್ರವಾಗಿ ಹಾಕ್ಕೊಳ್ಳೋಕೆ. ಎಲ್ಲರೂ ನನ್ನ ಹಾಗೆ ಇರಲ್ಲ," ಎಂದಿದ್ದ. ಅವನ ಆ ಮರ್ಯಾದೆಗೇ ಅವಳು ನಡುಗಿದ್ದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಇನ್ನು ಉಳಿದದ್ದು ವಿಮೆ. ಸಿಬೊನೇಲೊನ ಕಂಪನಿಯ ವಿಮೆಗೆ ಹೆಂಡತಿಯ ಹೆಸರು ಸೇರಿದರೆ ಪೇಟೆಯ ಖಾಸಗಿ ಆಸ್ಪತ್ರೆಗೆ ಹೋಗಬಹುದು, ಅಲ್ಲಿನ ಬಾಗಿಲಲ್ಲಿ ಸಂದೀಲೆಯಂಥವರು ನಿಲ್ಲುವುದಿಲ್ಲ. ಮದುವೆಯಾದ ತಿಂಗಳೊಳಗೇ ಸೇರಿಸಿದ್ದರೆ ಯಾವ ಪ್ರಶ್ನೆಯೂ ಇರುತ್ತಿರಲಿಲ್ಲ. ಕಾಯಂ ವಾಸದ ಪತ್ರ ಬರದೆ ಪರದೇಶದವಳನ್ನು ವಿಮೆಗೆ ಸೇರಿಸಿಕೊಳ್ಳುವುದಿಲ್ಲ ಎಂದು ಯಾರೋ ಹೇಳಿದ್ದನ್ನು ಅವನು ನಂಬಿ ಕೂತಿದ್ದ. ಗಂಡನ ಕಡೆಯಿಂದ ಆ ಪತ್ರ ಕೇಳಬೇಕಾದರೆ ಐದು ವರ್ಷ ಸಂಸಾರ ಮಾಡಿರಬೇಕು. ಐದು ವರ್ಷ ತುಂಬಿಸಿ ಅರ್ಜಿ ಹಾಕಿ ಈಗ ಹತ್ತೊಂಬತ್ತು ತಿಂಗಳು. ಕೈಯಲ್ಲಿರುವುದು ಒಂದು ರಸೀದಿ. ಕಚೇರಿಗೆ ಹೋದಾಗಲೆಲ್ಲ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಮಾತು. ವಿಮೆಗೆ ಆ ರಸೀದಿಯೇ ಸಾಕು ಎಂದು ಸಂಬಳದ ವಿಭಾಗದ ಹೆಂಗಸು ಕಳೆದ ವಾರ ಹೇಳಿದಾಗ ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತ್ತು.

"ನಾನು ಹಾಕಲಾರೆ," ಎಂದು ಪೆನ್ನನ್ನು ಮೇಜಿನ ಮೇಲಿಟ್ಟ. "ಕೈ ಬರ್ತಿಲ್ಲ."

ತಿಯಾಮಿಕೆ ಒಲೆ ಸಣ್ಣ ಮಾಡಿ ಬಂದಳು. ಕೈ ಒರೆಸಿಕೊಂಡು, ಅವನ ಭುಜದ ಮೇಲಿನಿಂದ ಬಾಗಿ, 'ಇಲ್ಲ' ಎಂಬಲ್ಲಿ ತಾನೇ ಗೀಟೆಳೆದಳು. ಗೀಟು ತೆಳ್ಳಗಿತ್ತು. ಸಿಬೊನೇಲೊ ಅದನ್ನು ತಿದ್ದಲು ಹೋಗಲಿಲ್ಲ.

ಕೊನೆಯ ಪುಟದಲ್ಲಿ, ಈ ಮದುವೆ ನಿಜವೆಂದು ಹೇಳಬಲ್ಲ ಹೆಣ್ಣಿನ ಕಡೆಯ ಹಿರಿಯರೊಬ್ಬರ ಹೆಸರು, ಫೋನ್ ನಂಬರು ಕೇಳಿದ್ದರು. ಅದಕ್ಕೆ ಯೋಚಿಸಬೇಕಾಗಿರಲಿಲ್ಲ. ಅವಳ ಜನರಲ್ಲಿ ಹುಡುಗಿಯ ಮದುವೆಗೆ ಸೋದರಮಾವನೇ ಹೊಣೆ. ಗಂಡಿನ ಕಡೆಯವರ ಎದುರು ಕೂತು ಮಾತಾಡುವವನು ಅವನು. ಮುಂದೆ ಜಗಳವಾದರೆ, ಗಂಡ ಕೈಬಿಟ್ಟರೆ, ಎದ್ದು ಬಂದು ಕೇಳಬೇಕಾದವನೂ ಅವನೇ. ಲಮೆಕ್ ಮಾವ ಪ್ರಾಯದಲ್ಲಿ ಜೊಹಾನ್ಸ್‌ಬರ್ಗಿನ ಗಣಿಯಲ್ಲಿ ದುಡಿದವನಾದ್ದರಿಂದ ಅಳಿಯನ ಜುಲು ಮಾತೂ ಬರುತ್ತಿತ್ತು. ತಿಯಾಮಿಕೆ ಅಂದೇ ಅವನಿಗೆ ಫೋನ್ ಮಾಡಿದಳು.

"ಮಾವ, ನಮ್ಮ ಮದುವೆ ವಿಷಯ ಕೇಳೋಕೆ ಇಲ್ಲಿಂದ ಒಬ್ರು ಫೋನ್ ಮಾಡ್ತಾರೆ. ಏನು ಕೇಳಿದ್ರೂ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ."

"ನಾನು ಯಾವತ್ತು ಬೇರೆ ಥರ ಹೇಳಿದ್ದೀನಿ ಮಗಳೆ?" ಎಂದು ಮಾವ ನಕ್ಕ.

ಹದಿನಾಲ್ಕನೆಯ ಪ್ರಶ್ನೆಗಾಗಿ ಬೆಳಗಿನಿಂದ ತಲೆ ಕೆಡಿಸಿಕೊಂಡಿದ್ದ ಗಂಡಹೆಂಡಿರಿಗೆ, ಮುದುಕನಿಗೂ ಒಂದು ಮಾತು ಎಚ್ಚರ ಹೇಳಬೇಕೆಂಬುದು ಹೊಳೆಯಲೇ ಇಲ್ಲ. ಊಟ ಮಾಡಿದರು, ಅರ್ಜಿಯನ್ನು ಲಕೋಟೆಗೆ ಹಾಕಿ ಅಂಟಿಸಿದರು.

ಅಲ್ಲಿನ ಚಳಿಗಾಲ ಶುರುವಾಯಿತು. ಜೂನ್‌ನಲ್ಲಿ ಅವಳು ತಾಡಪಾಲು ಬಿಚ್ಚಿ ಮನೆಗೆ ತಂದಳು. ಮನೆಗೇ ಬರುವ ಒಂದಿಬ್ಬರ ತಲೆಯನ್ನು ಮಾತ್ರ, ಕೂತುಕೊಂಡು, ಹೆಣೆಯುತ್ತಿದ್ದಳು. ಜುಲೈಯಲ್ಲಿ ಅದೂ ನಿಂತಿತು. ರಸ್ತೆಯಿಂದ ಮನೆಗೆ ಹತ್ತುವ ದಿಬ್ಬದಲ್ಲಿ ಅರ್ಧಕ್ಕೆ ನಿಂತು, ಯಾರಾದರೂ ನೋಡಿದರೆ ಕಣಿವೆಯ ಕಡೆ ನೋಡುತ್ತಿರುವಂತೆ ನಟಿಸುತ್ತಿದ್ದಳು. ಸಿಬೊನೇಲೊ ಅವಳ ಉಸಿರಾಟವನ್ನು ಆಲಿಸುತ್ತ ಕೂರುತ್ತಿದ್ದ. ಕೆಟ್ಟ ಇಂಜಿನ್ನಿನ ಸದ್ದನ್ನು ದೂರದಿಂದಲೇ ಗುರುತಿಸುವವನಿಗೆ ಇದು ತಿಳಿಯದೆ ಇರುತ್ತದೆಯೇ? ಇಬ್ಬರೂ ವಾರಗಳನ್ನು ಎಣಿಸುತ್ತಿದ್ದರು, ಇನ್ನು ಆರು, ಇನ್ನು ಐದು.

ಒಂದು ದಿನ ಅಂಗಡಿಯ ಮುಂದೆ ಸಂದೀಲೆ ಸಿಕ್ಕಿದ.

"ವಿಮೆ ಬಂತಾ ಅತ್ತಿಗೆ?"

ಅವಳು ಯಾರಿಗೂ ಹೇಳಿರಲಿಲ್ಲ.

"ನಿಮಗ್ಯಾರು ಹೇಳಿದ್ರು?"

"ಊರಂದ್ಮೇಲೆ ಗೊತ್ತಾಗುತ್ತೆ ಬಿಡಿ. ಬಂದ್ರೆ ಒಳ್ಳೇದೇ. ನಮ್ಮ ಕ್ಲಿನಿಕ್ಕಿನ ಕಡೆ ನೀವು ಬರೋದು ತಪ್ಪುತ್ತಲ್ಲ." ಅವಳ ಕೈಯಿಂದ ಹಿಟ್ಟಿನ ಚೀಲ ತೆಗೆದುಕೊಂಡು, ದಿಬ್ಬದವರೆಗೂ ಹೊತ್ತು ತಂದುಕೊಟ್ಟ. ದಾರಿಯುದ್ದಕ್ಕೂ ಆಯಾ ಮನೆಯಲ್ಲಿ ಯಾರಿದ್ದಾರೆ, ಎಲ್ಲಿಯವರು ಎಂದು ಒಂದೊಂದಾಗಿ ಹೇಳುತ್ತ ಬಂದ. ಎಲ್ಲವೂ ಅವನಿಗೆ ಬಾಯಿಪಾಠವಾಗಿತ್ತು.

ಆಗಸ್ಟಿನ ಎರಡನೆಯ ಶನಿವಾರ ಬೆಳಿಗ್ಗೆ ವಿಮೆಯವರ ಪತ್ರ ಬಂತು. ಗಾಳಿ ಕೆಂಪು ಧೂಳೆಬ್ಬಿಸುತ್ತಿದ್ದ ಅಂಗಳದಲ್ಲಿ ನಿಂತೇ ಸಿಬೊನೇಲೊ ಓದಿದ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದ. ಆಮೇಲೆ ಒಳಗೆ ಬಂದು ಹೆಂಡತಿಯ ಮುಂದೆ ಮೇಜಿನ ಮೇಲಿಟ್ಟ.

ತಿಯಾಮಿಕೆಯ ಹೆಸರನ್ನು ಸೇರಿಸಿಕೊಳ್ಳಲಾಗುವುದಿಲ್ಲ. ಬಾಲ್ಯದಿಂದಲೂ ಹೃದಯದ ಕವಾಟದ ತೊಂದರೆ ಇದ್ದುದನ್ನು ಅರ್ಜಿಯಲ್ಲಿ ಮುಚ್ಚಿಡಲಾಗಿದೆ. ಅವಳ ಕಡೆಯ ಹಿರಿಯರೇ ಇದನ್ನು ಫೋನಿನಲ್ಲಿ, ಕೇಳದೆಯೇ ತಿಳಿಸಿದ್ದಾರೆ. ಮತ್ತೆ ಅರ್ಜಿ ಹಾಕುವಂತಿಲ್ಲ. ಸಿಬೊನೇಲೊನ ಸದಸ್ಯತ್ವವೂ ಪರಿಶೀಲನೆಯಲ್ಲಿದೆ.

"ನಿಮ್ಮ ಮಾವಂಗೆ ತಲೆ ಕೆಟ್ಟಿದೆಯಾ?" ಅವನು ಪತ್ರದ ಮೇಲೆ ಬೆರಳಿಟ್ಟು ಕುಟ್ಟಿದ. "ಕೇಳದೆಯೇ ಅಂತೆ. ಕೇಳದೆಯೇ! ನಾಳೆ ಇದು ವಾಸದ ಅರ್ಜಿಯೋರ ಕಿವಿಗೆ ಬಿತ್ತು ಅಂದ್ಕೋ. ಸುಳ್ಳು ಬರೆದೋಳು ಅಂತ ಅದೂ ಹೋಯ್ತು."

"ಗೀಟು ಹಾಕಿದ್ದು ನಾನು. ನನ್ನನ್ನ ಬೈಯಿ."

"ನಿನ್ನನ್ನ ಬೈದು ಏನು ಮಾಡ್ಲಿ? ಫೋನ್ ಹಚ್ಚು. ಆ ಮುದುಕನ್ನ ಕೇಳು, ನನ್ನ ಮುಂದೆ ಕೇಳು."

ಅವಳು ಮಾವನ ನಂಬರು ಒತ್ತಿ, ಗಂಡನಿಗೂ ಕೇಳಿಸುವಂತೆ ಫೋನನ್ನು ಮೇಜಿನ ಮೇಲಿಟ್ಟಳು. ಆ ಕಡೆ ಕೋಳಿಗಳ ಸದ್ದು, ಯಾರೋ ಕುಟ್ಟುತ್ತಿದ್ದ ಒನಕೆಯ ಸದ್ದು.

"ಮಾವ, ಅವತ್ತು ನಿಮಗೆ ಫೋನ್ ಬಂದಿತ್ತಲ್ಲ..."

"ಬಂದಿತ್ತು, ಬಂದಿತ್ತು," ಎಂದು ಮಾವ ಉಮೇದಿನಿಂದ ಶುರುಮಾಡಿದ. ಅಳಿಯನೂ ಹತ್ತಿರದಲ್ಲಿರಬಹುದೆಂದೋ ಏನೋ ಜುಲುವಿನಲ್ಲೇ ಮಾತಾಡಿದ. "ಎಂಥಾ ಮರ್ಯಾದಸ್ಥ ಹೆಣ್ಣುಮಗಳು! ಅಪ್ಪಾ ಅಪ್ಪಾ ಅಂತಲೇ ಮಾತಾಡಿದ್ಲು. ಮದುವೆ ಯಾವತ್ತಾಯ್ತು, ಯಾರ್ಯಾರು ಬಂದಿದ್ರು, ಮದುವೆ ಶಾಸ್ತ್ರಕ್ಕೆ ಹುಂಜ ಯಾರು ತಂದ್ರು, ಹೇಂಟೆ ಯಾರು ಕೊಟ್ರು, ಎಲ್ಲಾ ಕೇಳಿದ್ಲು. ಕೊನೇಲಿ, ಇನ್ನೇನಾದ್ರೂ ಹೇಳೋದಿದೆಯಾ ಅಪ್ಪ, ಅಂದ್ಲು. ಗಂಡಿನ ಕಡೆಯೋರು ಹಾಗೆ ಬಾಯ್ಬಿಟ್ಟು ಕೇಳಿದ ಮೇಲೆ ನಾನು ಸುಮ್ಮನಿರೋಕಾಗುತ್ತಾ? ಮದುವೆ ಮಾತಿನ ದಿನ ಚಾಪೆ ಮೇಲೆ ಕೂತು ಎಲ್ಲರ ಮುಂದೆ ಏನು ಹೇಳಿದ್ನೋ ಅದನ್ನೇ ಹೇಳ್ದೆ. ನಮ್ಮ ಹುಡುಗಿ ಎದೆ ಗಟ್ಟಿಯಿಲ್ಲಮ್ಮ. ಮುಚ್ಚಿಟ್ಟು ಕೊಡ್ತಾ ಇಲ್ಲ. ತಿಳಿದು ತಗೊಳ್ಳಿ, ತಿಳಿದು ನೋಡ್ಕೊಳ್ಳಿ ಅಂತ."

ಆ ಚಾಪೆಯ ಇನ್ನೊಂದು ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದವನು ಸಿಬೊನೇಲೊನೇ. ತಿಳಿದು ತಗೊಳ್ತಿದ್ದೀಯಾ ಎಂದು ಲಮೆಕ್ ಮಾವ ಎರಡು ಸಲ ಕೇಳಿದ್ದ, ಅವನು ಎರಡು ಸಲವೂ ಹೌದು ಎಂದಿದ್ದ. ಅಂದು ಆ ಮಾತು ಎಷ್ಟು ಸಲೀಸಾಗಿ ಬಂದಿತ್ತು. ಸಿಟ್ಟೆಲ್ಲ ಇಳಿದುಹೋಗಿ ಅದರ ಜಾಗದಲ್ಲಿ ಭಯವೊಂದೇ ಉಳಿಯಿತು.

"ಮಗಳೆ, ಇದೀಯಾ?" ಮಾವನ ದನಿ. "ಅವರು ಬರ್ಕೊಂಡ್ರಾ? ಬಿಟ್ಟುಗಿಟ್ಟಾರು ಅಂತ ನಾನು ನಿಧಾನವಾಗಿ ಇನ್ನೊಂದು ಸಲ ಹೇಳ್ದೆ."

ತಿಯಾಮಿಕೆ ಗಂಡನ ಮುಖ ನೋಡಿದಳು. ಅವನು ಬೇಡ ಎಂಬಂತೆ ತಲೆಯಾಡಿಸಿದ.

"ಬರ್ಕೊಂಡಿದಾರೆ ಮಾವ," ಎಂದಳು. "ಒಂದಕ್ಷರ ಬಿಡದೆ."

"ಹಾಗಾದ್ರೆ ಸರಿಹೋಯ್ತು. ಇನ್ನು ಅವರೇ ನೋಡ್ಕೋತಾರೆ. ನಂಗೊಂದು ದೊಡ್ಡ ಭಾರ ಇಳೀತು ನೋಡು."

"ಹೂಂ ಮಾವ."

ಫೋನಿಟ್ಟ ಮೇಲೆ ಸಿಬೊನೇಲೊ ಗೋಡೆಯ ಗಡಿಯಾರ ನೋಡಿದ. ಒಂಬತ್ತೂಕಾಲು.

"ಕ್ಲಿನಿಕ್ಕು ಹನ್ನೊಂದರ ತನಕ ತೆಗೆದಿರುತ್ತೆ. ಹೋಗೋಣ ನಡಿ. ಸೂಜಿಯಾದ್ರೂ ಹಾಕಿಸ್ಕೊಂಡು ಬರೋಣ."

"ಸಂದೀಲೆ ಇರ್ತಾನೆ."

"ಇರ್ಲಿ. ನಾನು ಮಾತಾಡ್ತೀನಿ."

"ಅವನ ಜೊತೆ ಇರೋರು?"

ಅವನು ಬಾಗಿಲ ಹಿಂದಿನಿಂದ ಅವಳ ಕಪ್ಪು ಚಪ್ಪಟೆ ಷೂ ತಂದ. ಅವಳು ಬಗ್ಗಲು ಹೋಗಿ, ಉಸಿರು ಸಿಗದೆ ಮತ್ತೆ ಕುರ್ಚಿಗೆ ಒರಗಿಕೊಂಡಳು. ಸಿಬೊನೇಲೊ ನೆಲದ ಮೇಲೆ ಮಂಡಿಯೂರಿ, ಅವಳ ಬಲಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ನಿನ್ನೆ ಮೊನ್ನೆಯವರೆಗೆ ಸಡಿಲವಾಗಿದ್ದ ಷೂ ಒಳಗೆ ಊದಿಕೊಂಡ ಪಾದ ಹೋಗಲಿಲ್ಲ. ಪಾದವನ್ನು ಗಟ್ಟಿಯಾಗಿ ಹಿಡಿದು, ಹೆಬ್ಬೆರಳಿನಿಂದ ಒತ್ತಿ ತೂರಿಸಲು ನೋಡಿದ. ಆಗಲಿಲ್ಲ, ಕೈ ತೆಗೆದ.

ಹೆಬ್ಬೆರಳು ಒತ್ತಿದ್ದಲ್ಲಿ ಒಂದು ಗುಳಿ ಬಿದ್ದಿತ್ತು. ಅದು ತುಂಬಲೆಂದು ಅವನು ನೋಡುತ್ತ ಕೂತ. ಮೇಲಿನಿಂದ ಅವಳೂ ನೋಡುತ್ತಿದ್ದಳು. ಹೊರಗೆ ಗಾಳಿಗೆ ಅಂಗಳದ ತಗಡೊಂದು ಬಡಿದುಕೊಳ್ಳುತ್ತಿತ್ತು. ಗುಳಿ ಹಾಗೇ ಇತ್ತು.