ಹಳೇಬೀಡಿಗೆ ಮೂವತ್ತು

ಮೂರು ಊರಿನ ಕಂಪ್ಯೂಟರುಗಳಿಗೆ ನಂಬರು ಹಂಚುವ ಕೆಲಸ ಒಪ್ಪಿಕೊಂಡಾಗ ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ. ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲಿ ಒಂದೇ ಟ್ರಸ್ಟಿನ ಮೂರು ಕಾಲೇಜುಗಳು. ಅವನ್ನು ಒಂದೇ ನೆಟ್‌ವರ್ಕಿಗೆ ತರಬೇಕು. ಮನೆಗೊಂದು ನಂಬರು ಇರುವಂತೆ ಪ್ರತಿ ಕಂಪ್ಯೂಟರಿಗೂ ಒಂದು ಐಪಿ ವಿಳಾಸ. ಊರಿಗೊಂದು ಸಾಲು ನಂಬರು ಬಿಡಬೇಕು, ಮುಂದೆ ಬರುವ ಕಂಪ್ಯೂಟರುಗಳನ್ನೂ ಸೇರಿಸಿ. ಕಾಲೇಜಿನೊಳಗೇ ಓಡಾಡುವ ಈ ನಂಬರುಗಳು ಪುಕ್ಕಟೆ, ಬೇಕಾದಷ್ಟಿವೆ. ಆದರೆ ಜನ ಇದನ್ನೂ ಸೈಟು ಹಂಚಿದ ಹಾಗೇ ನೋಡುತ್ತಾರೆ. ಅರಸೀಕೆರೆಗೆ ಸಾವಿರ ಎಂದ ತಕ್ಷಣ ಬೇಲೂರಿನ ಪ್ರಿನ್ಸಿಪಾಲರು ತಮಗೂ ಸಾವಿರ ಬೇಕೆಂದು ಪಟ್ಟು ಹಿಡಿದು ನನ್ನ ಒಂದು ಇಡೀ ದಿನ ತಿಂದರು. ತಗೊಳ್ಳಿ ಎಂದು ಕೊಟ್ಟು ಕೈತೊಳೆದುಕೊಂಡೆ.

ಅರಸೀಕೆರೆಯಲ್ಲಿ ಟ್ರಸ್ಟಿನ ಕಾರ್ಯದರ್ಶಿ ಮಧುಕುಮಾರ್ ನನ್ನ ಪ್ಲಾನು ನೋಡಿ ಹಳೇಬೀಡಿನ ಮೇಲೆ ಬೆರಳಿಟ್ಟರು.

“ಇಲ್ಲಿಗೆ ಇನ್ನೂರೈವತ್ತು ಯಾಕ್ರೀ ಧನುಶ್ರೀ? ಮೂವತ್ತು ಸಾಕು.”

“ನಂಬರಿಗೇನು ಬರ ಇಲ್ಲ ಸಾರ್. ಮುಂದೆ ಬೇಕಾಗುತ್ತೆ.”

“ಮುಂದೆ ಅನ್ನೋದು ಅದಕ್ಕಿಲ್ಲ. ಬರೋ ವರ್ಷ ಮುಚ್ತೀವಿ. ಅಲ್ಲಿ ಬಾಯಿ ಬಿಡ್ಬೇಡಿ, ಈ ಸಲದ ಅಡ್ಮಿಷನ್ ಮುಗೀಲಿ.”

ಮುಚ್ಚುವ ಕಾಲೇಜಿಗೆ ಮಕ್ಕಳನ್ನು ಯಾಕೆ ಸೇರಿಸುತ್ತೀರಿ ಎಂದು ಕೇಳಬೇಕಿತ್ತು. ವಾರಗಟ್ಟಲೆ ಓಡಾಡಿ ಜಗಳವಾಡುವ ತ್ರಾಣವೇ ಉಳಿದಿರಲಿಲ್ಲ. ಮೂವತ್ತು ಎಂದು ತಿದ್ದಿ, ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಹಳೇಬೀಡಿಗೆ ಹೋದೆ.

ಅಲ್ಲಿನ ಕಂಪ್ಯೂಟರ್ ಡಿಪ್ಲೊಮಾದ ಮೇಷ್ಟ್ರು ಸಿದ್ಧಾರ್ಥ ಲ್ಯಾಬಿನಲ್ಲಿ ಬೆಂಚು ಜೋಡಿಸುತ್ತಿದ್ದರು.

“ಈ ಸಲ ನಲವತ್ತು ಮಕ್ಕಳು ಮೇಡಂ. ಗೆಂಡೆಹಳ್ಳಿ ಕಡೆಯೆಲ್ಲ ಮನೆಮನೆಗೆ ಹೋಗಿ ನಾನೇ ಒಪ್ಸಿದೀನಿ. ಸೋಮವಾರ ಸೇರ್ತಾರೆ. ಮೂರು ವರ್ಷ ಓದಿದ್ರೆ ಅವರ ದಾರಿ ಅವರು ನೋಡ್ಕೊಳ್ತಾರೆ.”

ನಾನು ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದೆ. ಈ ನಂಬರು ಹಂಚುವ ಪಾಠವನ್ನೇ ಮಕ್ಕಳಿಗೆ ಹೇಳುವವರು, ವಿವರಿಸುವುದೇನೂ ಇರಲಿಲ್ಲ.

“ನಮಗೆ ಮೂವತ್ತಾ? ಬೇಲೂರಿಗೆ ಸಾವಿರ ಬೇಕಾ ಮೇಡಂ?”

“ಬೇಡ. ಕೇಳಿದ್ರು, ಕೊಟ್ಟೆ.”

“ಹಂಗಾದ್ರೆ ನಮಗೂ ಕೊಡಬಹುದಿತ್ತು.”

ಅವರು ಇನ್ನೊಮ್ಮೆ ಪರದೆ ನೋಡಿದರು.

“ಪುಕ್ಕಟೆ ಸಿಗೋದನ್ನೂ ನಮಗೆ ಅಳೆದು ಕೊಟ್ಟಿದಾರೆ ಅಂದ್ರೆ... ಯಾವಾಗ ಮುಚ್ತಾರೆ?”

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

“ಬರೋ ವರ್ಷ,” ಎಂದೆ.

ಅವರು ಜೋಡಿಸಿದ ಬೆಂಚಿನ ಮೇಲೆ ಕೂತರು. ತಮ್ಮ ಕೆಲಸದ ಗತಿಯೇನು ಎಂದು ಕೇಳಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದರು.

“ಅಣ್ಣಾ, ನಾನು ಸಿದ್ಧಾರ್ಥ. ಮಗಳನ್ನ ಇಲ್ಲಿಗೆ ಕಳಿಸ್ಬೇಡಿ... ಇಲ್ಲ, ಅವಳದೇನೂ ತಪ್ಪಿಲ್ಲ. ಸೀಟು ಐತೆ. ಕಾಲೇಜೇ ಇರಾಕಿಲ್ಲ... ಹೂಂ, ಹೇಳಿದ್ದು ನಾನೇ. ಬೇಡ ಅಂತಿರೋದೂ ನಾನೇ. ಬೇರೆ ಕಡೆ ಇನ್ನೂ ಟೈಮ್ ಐತೆ, ಹಾಸನಕ್ಕೆ ಹಾಕಿ.”

ಫೋನು ಇಟ್ಟಾಗ ಅವರ ಮುಖ ನೋಡಲಾಗಲಿಲ್ಲ. ಮಧುಕುಮಾರರಿಗೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ, ಈ ಕೆಲಸ ನನ್ನ ಕೈಬಿಟ್ಟ ಹಾಗೇ. ಹೋಗಲಿ ಎನಿಸಿತು. ನಿಜವಾಗಿಯೂ ಸಾಕಾಗಿತ್ತು.

“ಅರ್ಧ ಮನೆಗಳಿಗೆ ನಾನು ಮಾಡ್ತೀನಿ ಸಾರ್,” ಎಂದೆ.

ಅವರು ಒಂದು ನಂಬರು ಓದಿದರು. ಒತ್ತಿದೆ. ಹೆಂಗಸೊಬ್ಬರು ಎತ್ತಿದರು. ಹಳೇಬೀಡಿನ ಕಾಲೇಜಿನಿಂದ ಎನ್ನುತ್ತಿದ್ದಂತೆಯೇ, “ಹೊಸಾ ಬ್ಯಾಗ್ ತಂದಾಯ್ತು ಕಣಮ್ಮ,” ಎಂದರು, “ಸ್ವಾಮಾರ ಬೆಳಗ್ಗೇನೇ ಬತ್ತಾನೆ.”